ಬೇಲಿಯ ಎರಡು ಬದಿಗೆ ಇಬ್ಬರು ಹೊಸ ಕೋಚುಗಳು

ಅಳದಂಗಡಿಯಲ್ಲಿ ಕಬಡ್ಡಿ, ವಾಲಿಬಾಲ್ ಬಗ್ಗೆ ಮಾತಾಡಲು ಹತ್ತು ಜನ ಸಿಕ್ಕಿದರೆ ಫುಟ್‌ಬಾಲ್ ಬಗ್ಗೆ ಮಾತಾಡಲು ಇಬ್ಬರು ಸಿಕ್ಕಾರು. ಆ ಇಬ್ಬರ ಮನೆಯೂ ಒಂದೇ ಬೇಲಿಯ ಆಚೆ ಈಚೆ ಇರುವುದು ನನ್ನ ಪುಣ್ಯ. ಈಚೆ ನನ್ನ ಅಡಿಕೆ ತೋಟ, ಆಚೆ ನಾವು ಚೇಟ ಅಂತ ಕರೆಯುವ ನೆರೆಯವರ ರಬ್ಬರ್. ಅವರ ಅಪ್ಪನ ಕಾಲದಲ್ಲಿ ಕೋಟ್ಟಯಂ ಕಡೆಯಿಂದ ಬೆಳ್ತಂಗಡಿ ತಾಲೂಕಿಗೆ ಬಂದು ನೆಲೆ ನಿಂತ ಕುಟುಂಬ. ತುಳು, ಕನ್ನಡ ಎರಡೂ ಅವರ ನಾಲಗೆಯ ಮೇಲೆ ಸಲೀಸು. ಫುಟ್‌ಬಾಲ್ ಬಂತೋ, ಅವರು ಕೇರಳ ಬ್ಲಾಸ್ಟರ್ಸ್. ನಾನು ಬೆಂಗಳೂರು ಎಫ್‌ಸಿ. ಬೆಳಗ್ಗೆ ಟ್ಯಾಪಿಂಗ್ ಮುಗಿಸಿ ಅವರು ಬೇಲಿಗೆ ಬರುವ ಹೊತ್ತಿಗೆ ನನ್ನದೂ ತೋಟದ ಒಂದು ಸುತ್ತು ಮುಗಿದಿರುತ್ತದೆ. ಆಮೇಲೆ ಮಾತು.

2024ರ ದೀಪಾವಳಿಗೆ ಮಾತಿಗೆ ಬರವೇ ಇರಲಿಲ್ಲ. ನವೆಂಬರ್ 2, ಬಲಿಪಾಡ್ಯಮಿಯ ದಿನ, ಗೋವಾದಲ್ಲಿ ನಮ್ಮವರು 3–0 ಸೋತರು. ಮರುದಿನ ಮುಂಬೈಯಲ್ಲಿ ಬ್ಲಾಸ್ಟರ್ಸ್ 4–2 ಸೋತರು. ಸೋಮವಾರ ಬೆಳಗ್ಗೆ ಇಬ್ಬರೂ ಸೋತವರೇ. ಆದರೂ ಚೇಟ ಬಂದವರೇ ಶುರು ಮಾಡಿದರು: “ಎಂತ ಮಾಷ್ಟ್ರೇ, ನಿಮ್ಮ ಜರಗೋಜಾನ ಕೋಟೆ ಗೋವಾದಲ್ಲಿ ಬಿತ್ತಲ್ಲ? ಐದು ಮ್ಯಾಚ್ ಒಂದು ಗೋಲೂ ಕೊಡಲಿಲ್ಲ ಅಂತ ಹೇಳ್ತಾ ಇದ್ರಿ.”

ನಮ್ಮ ಕೋಚ್ ಜರಗೋಜಾನ ಬಗ್ಗೆ ಹಾಗೆ ಹೇಳಿದ್ದು ನಿಜ. ಅದು ಹೇಳಿಕೊಳ್ಳುವಂಥದ್ದೇ. ಸೆಪ್ಟೆಂಬರ್ 14ಕ್ಕೆ ಈಸ್ಟ್ ಬೆಂಗಾಲ್ ಎದುರು 1–0. ಆಮೇಲೆ ಹೈದರಾಬಾದ್ ಎದುರು 3–0, ಮೋಹನ್ ಬಾಗಾನ್ ಎದುರು 3–0, ಮುಂಬೈ ಸಿಟಿ ಜೊತೆ ಗೋಲಿಲ್ಲದ ಡ್ರಾ, ಪಂಜಾಬ್ ಎದುರು 1–0. ಐದು ಪಂದ್ಯ ಗುರ್‌ಪ್ರೀತ್ ಸಿಂಗ್ ಸಂಧುವಿನ ಬಲೆಗೆ ಚೆಂಡು ತಾಗಲೇ ಇಲ್ಲ. ಆರನೆಯದು ಕೊಚ್ಚಿಯಲ್ಲಿ, ಅದೂ ಚೇಟನ ಅಂಗಳದಲ್ಲೇ ಅನ್ನಿ, 3–1. ಗೋವಾದ ಸೋಲನ್ನೂ ಸೇರಿಸಿದರೆ ಏಳು ಪಂದ್ಯಗಳಿಗೆ 16 ಅಂಕ. ಅದರ ಹಿಂದಿನ ಸೀಸನ್ ಪೂರ್ತಿ 22 ಪಂದ್ಯ ಆಡಿ ಗಳಿಸಿದ್ದು 22 ಅಂಕ. ಹನ್ನೆರಡು ತಂಡಗಳಲ್ಲಿ ಹತ್ತನೇ ಸ್ಥಾನ.

“ಅಂಕ ಬಿಡಿ, ಆಟ ಹೇಳಿ,” ಅಂದರು ಚೇಟ. ಹಬ್ಬಕ್ಕೆ ಬೆಂಗಳೂರಿನಿಂದ ಬಂದಿದ್ದ ನನ್ನ ಅಳಿಯ ಆಗಲೇ ಕಾಫಿ ಲೋಟ ಹಿಡಿದು ಅಂಗಳಕ್ಕೆ ಇಳಿದ. ಅವನು ಕಂಠೀರವದ ವೆಸ್ಟ್ ಬ್ಲಾಕಿನಲ್ಲಿ ನೀಲಿ ಅಂಗಿ ತೊಟ್ಟು ತೊಂಬತ್ತು ನಿಮಿಷ ನಿಂತೇ ಹಾಡುವವ. ಪ್ರೆಸ್ಸಿಂಗ್, ಹೈ ಲೈನ್ ಅಂತ ಅವನು ಒಂದೇ ಉಸಿರಿಗೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಚೆಂಡು ಎದುರಾಳಿಯ ಕಾಲಿಗೆ ಹೋದಾಗ ಹಿಂದೆ ಓಡಿ ಬಂದು ಗೋಲು ಕಾಯುವುದು ಒಂದು ರೀತಿ. ಅಲ್ಲೇ, ಅವರ ಗೋಲಿನ ಹತ್ತಿರವೇ, ಮೇಲೆ ಬಿದ್ದು ಚೆಂಡು ಕಿತ್ತುಕೊಳ್ಳುವುದು ಇನ್ನೊಂದು ರೀತಿ. ಜರಗೋಜಾ ನಂಬಿದ್ದು ಎರಡನೆಯದನ್ನು. ಕೊಚ್ಚಿಯ ಮೊದಲ ಗೋಲು ನೆನಪು ಮಾಡಿಕೊಳ್ಳಿ. ಪ್ರೀತಮ್ ಕೋಟಾಲ್ ಹಿಂದಿನ ಸಾಲಿನಲ್ಲಿ ಚೆಂಡು ಇಟ್ಟುಕೊಂಡು ತುಸು ತಡ ಮಾಡಿದರು. ಪೆರೇರಾ ಡಿಯಾಸ್ ಮೇಲೆ ಬಿದ್ದು ಕಿತ್ತುಕೊಂಡು ಗೋಲು ಹೊಡೆದೇಬಿಟ್ಟರು. ಅದು ಅದೃಷ್ಟದಿಂದ ಬಂದದ್ದಲ್ಲ, ಮೈದಾನದಲ್ಲಿ ದಿನಾ ಕಲಿಸಿ ಬರಿಸಿದ್ದು.

ಈ ಆಟಕ್ಕೆ ಬೆಲೆಯೂ ಉಂಟು. ಮುಂದಿನವರು ಒತ್ತಲು ಮೇಲೆ ಹೋದರೆ ಹಿಂದಿನ ಸಾಲೂ ಮೇಲೆ ಹೋಗಬೇಕು. ಇಲ್ಲವಾದರೆ ನಡುವೆ ದೊಡ್ಡ ಬಯಲು ಬಿಡುತ್ತದೆ. ಹೋದರೆ ಬೆನ್ನ ಹಿಂದೆ ಬಯಲು ಬಿಡುತ್ತದೆ. ಒಬ್ಬ ಒತ್ತಲು ಅರ್ಧ ಸೆಕೆಂಡ್ ತಡ ಮಾಡಿದರೂ ಉಳಿದ ಹತ್ತು ಜನರ ದುಡಿಮೆ ನೀರುಪಾಲು. ನವೆಂಬರ್ 2ಕ್ಕೆ ಆ ಬೆಲೆ ತೆತ್ತೆವು. ಅಲ್ಲಿಯ ತನಕ ತಡವರಿಸುತ್ತಿದ್ದ ಗೋವಾ ಮೂರು ಹೊಡೆಯಿತು: ಸಾದಿಕು, ಬ್ರೈಸನ್ ಫರ್ನಾಂಡಿಸ್, ದ್ರಾಜಿಚ್. ಎದುರು ಕುಳಿತಿದ್ದವರೂ ಸಾಮಾನ್ಯರಲ್ಲ, ಆಗ ಭಾರತ ತಂಡದ ಕೋಚ್ ಕೂಡ ಆಗಿದ್ದ ಮನೋಲೊ ಮಾರ್ಕೆಸ್.

ಚೇಟನ ಮನೆಯಾಕೆ, ನಮಗೆ ಚೇಚಿ, ಒಗೆದ ಬಟ್ಟೆ ಹರವುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. “ಹೊಸ ಕೋಚ್, ಹೊಸ ಕೋಚ್ ಅಂತೀರಿ. ಹೋದ ವರ್ಷದ ಹತ್ತನೇ ಸ್ಥಾನದಲ್ಲಿಯೂ ಇವರೇ ಇದ್ದರಲ್ಲ?” ಅಂದರು. ಒಳ್ಳೆಯ ಪ್ರಶ್ನೆ. 2023ರ ಡಿಸೆಂಬರಿನಲ್ಲಿ ಕಂಠೀರವದಲ್ಲೇ ಮುಂಬೈ ಎದುರು 4–0 ಸೋತ ಮೇಲೆ ಸೈಮನ್ ಗ್ರೇಸನ್ ಹೋದರು. ಅರ್ಧ ದಾರಿಯಲ್ಲಿ ಜರಗೋಜಾ ಬಂದರು. ಬೇರೆಯವರು ಆರಿಸಿದ ಆಟಗಾರರು, ಬೇರೆಯವರು ಕಲಿಸಿದ ಓಟ, ವಾರಕ್ಕೊಂದು ಪಂದ್ಯ. ಅಂಥ ಕಡೆ ಯಾರೇ ಬಂದರೂ ಮಾಡಲು ಸಾಧ್ಯವಾಗುವುದು ರಿಪೇರಿ ಮಾತ್ರ. ತನ್ನ ಆಟ ಕಟ್ಟಲು ಅವರಿಗೆ ಸಿಕ್ಕಿದ್ದು 2024ರ ಮಳೆಗಾಲ. ಆಲ್ಬರ್ಟೊ ನೊಗುವೆರಾ, ಪೆರೇರಾ ಡಿಯಾಸ್, ರಾಹುಲ್ ಭೆಕೆ ಮುಂಬೈಯಿಂದ ಬಂದರು. ಪೆದ್ರೊ ಕಾಪೊ, ಎಡ್ಗರ್ ಮೆಂದೆಸ್ ಸ್ಪೇನಿನವರು. ಜರಗೋಜಾನ ಮೊದಲ ಪೂರ್ತಿ ಸೀಸನ್ ಅಂದರೆ ಅದೇ. ಚೇಚಿ ತಲೆದೂಗಿದರು. “ಹಾಗಾದರೆ ಇನ್ನೂ ತಿರುಗಾಟ ಶುರು ಆದದ್ದಷ್ಟೇ,” ಅಂದರು.

ಚೇಚಿ ಹೇಳಿದ ಆ ಮಾತು ನನ್ನ ಮನಸ್ಸಿಗೆ ನಾಟಿತು. ನಮ್ಮ ಊರ ಕಡೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಕಾಲ ಅದು. ಹೊಸ ಭಾಗವತರು ಬಂದ ವರ್ಷ ಮೊದಲ ವಾರದ ಆಟ ನೋಡಿ ಮೇಳವನ್ನು ತೂಗುವ ಪ್ರೇಕ್ಷಕರು ನಮ್ಮಲ್ಲಿಲ್ಲ. ಚೆಂಡೆಯವರಿಗೆ ಅವರ ಕಾಲ ಹಿಡಿಯಬೇಕು, ವೇಷದವರಿಗೆ ಅವರ ಎತ್ತುಗಡೆ ತಿಳಿಯಬೇಕು. ಭಾಗವತರು ಗೆಜ್ಜೆ ಕಟ್ಟುವುದಿಲ್ಲ, ಕುಣಿಯುವುದಿಲ್ಲ. ಆದರೂ ಇಡೀ ರಾತ್ರಿಯ ಆಟ ಅವರದು. ಕೋಚ್ ಕೂಡ ಹಾಗೆಯೇ. ಗೆರೆಯ ಹೊರಗೆ ನಿಂತವ ಒಳಗಿನ ಹನ್ನೊಂದು ಜನರ ಕಾಲಿಗೆ ತನ್ನ ಲಯ ಕೊಡಬೇಕು. ಅದು ಒಂದೆರಡು ರಾತ್ರಿಯಲ್ಲಿ ಆಗುವ ಕೆಲಸವಲ್ಲ.

ಚೇಟನ ಸಂಕಟ ಬೇರೆಯೇ. ಬ್ಲಾಸ್ಟರ್ಸ್‌ಗೆ ಮೂರು ವರ್ಷ ಇವಾನ್ ವುಕೊಮಾನೊವಿಚ್ ಇದ್ದರು. ಮೂರೂ ವರ್ಷ ತಂಡ ಪ್ಲೇ ಆಫ್ ತಲುಪಿತು, 2022ರಲ್ಲಿ ಫೈನಲ್ ಕೂಡ ಆಡಿತು. ಅವರ ಜಾಗಕ್ಕೆ ಬಂದದ್ದು ಸ್ವೀಡನ್ನಿನ ಮಿಕಾಯೆಲ್ ಸ್ಟಾರೆ. ಶುರುವೇ ಓಣಂ ದಿನ ಪಂಜಾಬ್ ಎದುರು ಸೋಲು. ಆಮೇಲೆ ಈಸ್ಟ್ ಬೆಂಗಾಲ್ ಎದುರು ಗೆಲುವು, ಎರಡು ಡ್ರಾ, ಮೊಹಮ್ಮಡನ್ ಎದುರು ಇನ್ನೊಂದು ಗೆಲುವು, ಕೊನೆಗೆ ಸಾಲಾಗಿ ಎರಡು ಸೋಲು. “ಓಡುದು ಓಡ್ತಾರೆ ಮಾಷ್ಟ್ರೇ. ಗೋಲೂ ಹೊಡೀತಾರೆ. ಆದ್ರೆ ಪ್ರತಿ ಸಲ ನಾವೇ ಚೆಂಡು ಕೈಗೆ ಕೊಟ್ಟ ಹಾಗೆ ಗೋಲು ಕೊಡ್ತೇವೆ. ಇವಾನ್ ಆಶಾನ್ ಇದ್ದಿದ್ರೆ…” ಅಂತ ಅವರು ನಿಲ್ಲಿಸಿದರು. ಆಶಾನ್ ಅಂದರೆ ಅವರಲ್ಲಿ ಗುರು. ಆ ಆಶಾನ್ 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಸುನಿಲ್ ಛೆಟ್ರಿಯ ಫ್ರೀಕಿಕ್ ಗೋಲನ್ನು ಒಪ್ಪದೆ ತಂಡವನ್ನೇ ಮೈದಾನದಿಂದ ಹೊರಗೆ ಕರೆದುಕೊಂಡು ಹೋಗಿ ಹತ್ತು ಪಂದ್ಯಗಳ ನಿಷೇಧ ಉಂಡವರು. ಆ ಗೋಲಿನ ವಿಷಯ ನಾನು ಎತ್ತಲಿಲ್ಲ. ಎತ್ತಿದರೆ ಆ ದಿನದ ಹರಟೆ ಅಲ್ಲಿಗೇ ಮುಗಿಯುತ್ತದೆ.

ಸ್ಟಾರೆಯನ್ನು ಕಳಿಸಬೇಕೋ ಬೇಡವೋ ಅಂತ ಮಾತು ಬಂದಾಗ ನಾನು ಕ್ವಾದ್ರತ್ ಕಥೆ ತೆಗೆದೆ. ಆ ಸೀಸನ್ನಿನಲ್ಲಿ ನನ್ನನ್ನು ಬಹಳ ಕಾಡಿದ್ದು ಅದೇ. ಕಾರ್ಲೆಸ್ ಕ್ವಾದ್ರತ್ ಬೆಂಗಳೂರಿಗೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಪ್ ತಂದುಕೊಟ್ಟವರು. 2019ರ ಮಾರ್ಚ್ 17, ಮುಂಬೈ, ಹೆಚ್ಚುವರಿ ಸಮಯದ ಕೊನೆಗೆ ರಾಹುಲ್ ಭೆಕೆಯ ತಲೆಯಿಂದ ಬಂದ ಒಂದೇ ಗೋಲು, ಎದುರಿಗೆ ಗೋವಾ. ಅಂದು ಕ್ವಾದ್ರತ್ ಪಕ್ಕದಲ್ಲಿ ಸಹಾಯಕನಾಗಿ ಇದ್ದವರು ಇದೇ ಜರಗೋಜಾ. ಎರಡು ವರ್ಷ ತುಂಬುವ ಮೊದಲೇ, 2021ರ ಜನವರಿಯಲ್ಲಿ, ಸಾಲಾಗಿ ಮೂರು ಸೋಲು ಬಂದದ್ದೇ ತಡ, ನಮ್ಮ ಕ್ಲಬ್ ಅವರನ್ನು ಬಿಟ್ಟುಕೊಟ್ಟಿತು. ಅವರು ಹೋದ ಮೇಲೆ ತಂಡ ಮೇಲೆ ಬಂತೋ? ಇಲ್ಲ, ಏಳನೇ ಸ್ಥಾನದಲ್ಲಿ ಸೀಸನ್ ಮುಗಿಸಿತು.

ಆಮೇಲೆ ಕ್ವಾದ್ರತ್ ಈಸ್ಟ್ ಬೆಂಗಾಲ್‌ಗೆ ಹೋದರು. 2024ರ ಜನವರಿಯಲ್ಲಿ ಆ ಕ್ಲಬ್ಬಿಗೆ ಸೂಪರ್ ಕಪ್ ಗೆದ್ದುಕೊಟ್ಟರು. ಹನ್ನೆರಡು ವರ್ಷ ರಾಷ್ಟ್ರಮಟ್ಟದ ಒಂದು ಕಪ್ಪೂ ಇಲ್ಲದೆ ಕಾದಿದ್ದ ಜನ ಅದು. ಸೆಪ್ಟೆಂಬರಿನಲ್ಲಿ ಸೀಸನ್ ಶುರುವಾದಾಗ ಅವರ ಮೊದಲ ಪಂದ್ಯ ಕಂಠೀರವದಲ್ಲಿ, ಎದುರು ಬೆಂಚಿನಲ್ಲಿ ಹಳೆಯ ಸಹಾಯಕ. ಇನ್ನೂ ಇಪ್ಪತ್ತು ತುಂಬದ ವಿನಿತ್ ವೆಂಕಟೇಶ್ ಹೊಡೆದ ಗೋಲಿಗೆ ಶಿಷ್ಯ ಗೆದ್ದ, ಗುರು ಸೋತ. ಆಮೇಲೆ ಕೊಚ್ಚಿಯಲ್ಲಿ ಸೋಲು, ಗೋವಾ ಎದುರು ಸೋಲು. ಸೆಪ್ಟೆಂಬರ್ 30ಕ್ಕೆ ಕ್ವಾದ್ರತ್ ಜಾಗ ಬಿಟ್ಟರು. ಅಲ್ಲಿಗೆ ಎರಡನೇ ಸಲ, ಅದೇ ಮೂರು ಸೋಲಿನ ಲೆಕ್ಕಕ್ಕೆ.

“ಇದು ನ್ಯಾಯವಾ ಹೇಳಿ?” ಅಂತ ಕೇಳಿದೆ. ಚೇಟ ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಾವು ಎರಡನೇ ಮ್ಯಾಚಿನಲ್ಲಿ ಅವರನ್ನು ಸೋಲಿಸಿದ್ದಕ್ಕೆ ಅಂದು ಇಲ್ಲಿ ಪಾಯಸ ಮಾಡಿದ್ದೆವು,” ಅಂದರು. ಅಳಿಯ ಹೇಳಿದ, “ಮಾವ, ಇದು ಇಲ್ಲಿಯದ್ದು ಮಾತ್ರ ಅಲ್ಲ. ಇದೇ ಅಕ್ಟೋಬರ್ 28ಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಟೆನ್ ಹ್ಯಾಗ್ ಹೋದ್ರು, ಲೀಗಿನ ಒಂಬತ್ತು ಮ್ಯಾಚ್ ಆಗಿತ್ತಷ್ಟೇ.” ಟೆನ್ ಹ್ಯಾಗ್‌ಗೆ ಎರಡು ಪೂರ್ತಿ ಸೀಸನ್ ಸಿಕ್ಕಿತ್ತು, ಅದು ಬೇರೆ ಲೆಕ್ಕ ಅಂತ ನಾನು ಹೇಳಿದೆ. ಆದರೆ ಸೀಸನ್ನಿನ ಹೊಸ್ತಿಲಲ್ಲೇ ಕತ್ತಿ ಎತ್ತುವ ಅಭ್ಯಾಸ ಎಲ್ಲ ಕಡೆ ಉಂಟು ಅನ್ನುವುದು ನಿಜ.

ಆರಂಭದ ಫಲಿತಾಂಶ ಎಷ್ಟು ದಾರಿ ತಪ್ಪಿಸುತ್ತದೆ ಅನ್ನುವುದಕ್ಕೆ ನಮ್ಮ ಕ್ಲಬ್ಬಿನ ಕಥೆಯೇ ಸಾಕು. 2021ರಲ್ಲಿ ಮಾರ್ಕೊ ಪೆಜಾಯುವೊಲಿ ಬಂದರು. ಐಎಸ್‌ಎಲ್‌ನ ಮೊದಲ ಪಂದ್ಯವೇ ನಾರ್ತ್‌ಈಸ್ಟ್ ಎದುರು 4–2 ಗೆಲುವು. ಅಂದು ನಾವೆಲ್ಲ ಹಾರಾಡಿದೆವು. ಡಿಸೆಂಬರ್ ಕೊನೆಯ ತನಕ ಇನ್ನೊಂದು ಗೆಲುವು ಬರಲಿಲ್ಲ. ಮರುವರ್ಷ ಗ್ರೇಸನ್. ಡ್ಯುರಾಂಡ್ ಕಪ್ ಗೆದ್ದು ಬಂದವರು ಲೀಗಿನಲ್ಲಿ ಸೋಲಿನ ಮೇಲೆ ಸೋಲು ಉಂಡರು. ಕಳಿಸಿ ಅಂದವರು ಬಹಳ ಮಂದಿ. ಕ್ಲಬ್ ತಾಳಿಕೊಂಡಿತು. ಅದೇ ತಂಡ ಲೀಗಿನ ಕೊನೆಯ ಎಂಟು ಪಂದ್ಯಗಳನ್ನು ಸಾಲಾಗಿ ಗೆದ್ದು, ಫೈನಲ್ ತಲುಪಿ, ಪೆನಾಲ್ಟಿಯಲ್ಲಿ ಮಾತ್ರ ಸೋತಿತು. ಚೆನ್ನಾಗಿ ಶುರು ಮಾಡಿದವರು ಮುಗ್ಗರಿಸಿದರು, ಕೆಟ್ಟದಾಗಿ ಶುರು ಮಾಡಿದವರು ಕಪ್ಪಿನ ಹೊಸ್ತಿಲ ತನಕ ಹೋದರು. ಈ ಎರಡನ್ನೂ ಕಣ್ಣಾರೆ ಕಂಡ ಮೇಲೆ ಏಳು ಪಂದ್ಯ ನೋಡಿ ಜರಗೋಜಾನನ್ನು ಹೊತ್ತು ಮೆರೆಸುವುದೂ ಬೇಡ, ಒಂದು ಗೋವಾ ನೋಡಿ ಇಳಿಸುವುದೂ ಬೇಡ ಅಂದೆ.

“ಹಾಗಾದ್ರೆ ಎಂತ ನೋಡಿ ಅಳೆಯುದು?” ಅಂತ ಚೇಟ ಕೇಳಿದರು. ನಾನು ನೋಡುವುದು ಎರಡು ವಿಷಯ. ಒಂದು, ಕೋಚ್ ಹೊಸ ಹುಡುಗರನ್ನು ಎಲ್ಲಿ ಆಡಿಸುತ್ತಾನೆ. ಗೆದ್ದಾಗಿದೆ ಅನ್ನುವ ಕೊನೆಯ ಐದು ನಿಮಿಷಕ್ಕೋ, ಕಷ್ಟದ ಪಂದ್ಯದ ಮೊದಲ ನಿಮಿಷಕ್ಕೋ? ಅಕಾಡೆಮಿಯಲ್ಲಿ ಬೆಳೆದ ವಿನಿತ್ ಆಗಸ್ಟಿನಲ್ಲಿ ಡ್ಯುರಾಂಡ್ ಸೆಮಿಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು ಗೋಲು ಹೊಡೆದ, ಸೆಪ್ಟೆಂಬರಿನಲ್ಲಿ ಲೀಗಿನ ಮೊದಲ ಗೋಲು ಹೊಡೆದ. ಅದೇ ತಂಡದಲ್ಲಿ ನಲವತ್ತು ತುಂಬಿದ ಛೆಟ್ರಿಯೂ ಇದ್ದರು. ಆ ವರ್ಷದ ಜೂನಿನಲ್ಲಿ ದೇಶದ ಅಂಗಿ ಕಳಚಿಟ್ಟಿದ್ದ ಅವರು ಹೈದರಾಬಾದ್ ಎದುರು ಬದಲಿಯಾಗಿ ಬಂದು ಎರಡು ಹೊಡೆದರು. ಮೋಹನ್ ಬಾಗಾನ್ ಎದುರಿನ ಪೆನಾಲ್ಟಿಯೊಂದಿಗೆ 64 ಗೋಲಾಗಿ ಐಎಸ್‌ಎಲ್‌ನಲ್ಲಿ ಎಲ್ಲರಿಗಿಂತ ಮುಂದಾದರು. ಛೆಟ್ರಿಯಂಥವರನ್ನು ಬೆಂಚಿನಲ್ಲಿ ಕೂರಿಸಿ, ಅವರ ಮನಸ್ಸು ಮುರಿಯದೆ, ಬೇಕಾದ ಹೊತ್ತಿಗೆ ಎಬ್ಬಿಸುವುದು ಸಣ್ಣ ಕೆಲಸವಲ್ಲ. ಅಳಿಯನಿಗೆ ಇದು ಒಪ್ಪಿಗೆ ಇಲ್ಲ. “ಛೆಟ್ರಿ ಶುರುವಿನಿಂದಲೇ ಆಡ್ಬೇಕು ಮಾವ, ಅವರಿಗಾಗಿ ಟಿಕೆಟ್ ತೆಗೆದುಕೊಳ್ಳುವವರು ಇದ್ದಾರೆ,” ಅಂದ. ಅವನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಕೋಚ್ ಪ್ರೀತಿಗೆ ಕಟ್ಟುಬಿದ್ದು ತಂಡ ಆರಿಸಿದರೆ ವಿನಿತ್‌ನಂಥ ಹುಡುಗರು ಬೆಂಚಿನಲ್ಲೇ ಮುದುಕರಾಗುತ್ತಾರೆ.

ಎರಡನೆಯದು, ಪೆಟ್ಟು ತಿಂದ ಮೇಲೆ ತಂಡ ಏನು ಮಾಡುತ್ತದೆ ಅನ್ನುವುದು. ಡ್ಯುರಾಂಡ್ ಸೆಮಿಫೈನಲ್‌ನಲ್ಲಿ ನಮ್ಮವರು ಎರಡು ಗೋಲು ಮುಂದಿದ್ದು, ಬಿಟ್ಟುಕೊಟ್ಟು, ಪೆನಾಲ್ಟಿಯಲ್ಲಿ ಸೋತರು. ತಿಂಗಳೊಂದು ಕಳೆದು ಅದೇ ಮೋಹನ್ ಬಾಗಾನ್ ಬೆಂಗಳೂರಿಗೆ ಬಂದಾಗ 3–0 ಹೊಡೆದರು; ಮುಂದಿದ್ದಾಗ ಹಿಂದೆ ಸರಿಯಲಿಲ್ಲ. ತಪ್ಪು ಎಲ್ಲಿ ಆಯಿತು ಅಂತ ಯಾರೋ ಕೂತು ತೋರಿಸಿದ್ದಾರೆ, ಹುಡುಗರು ಕಲಿತಿದ್ದಾರೆ. ನಾನು ಜರಗೋಜಾನ ಪರ ನಿಂತದ್ದು ಈ ಕಾರಣಕ್ಕೆ, 16 ಅಂಕಕ್ಕಾಗಿ ಅಲ್ಲ. ಸ್ಟಾರೆಗೂ ಇದೇ ಅಳತೆ ಇಡಿ ಅಂತ ಚೇಟನಿಗೆ ಹೇಳಿದೆ. “ಈ ಸಲ 13 ತಂಡ, ತಲಾ 24 ಪಂದ್ಯ. ಹನ್ನೆರಡು ಆಗುವ ತನಕ ಕಾಯಿರಿ. ಹಿಂದಿನ ಸಾಲಿನ ಅದೇ ತಪ್ಪು ಆಗಲೂ ಉಳಿದಿದ್ದರೆ ನಿಮ್ಮ ಸಿಟ್ಟಿನಲ್ಲಿ ನಾನೂ ಪಾಲು ತೆಗೆದುಕೊಳ್ಳುತ್ತೇನೆ.” “ಕೊಚ್ಚಿಯವರು ಅಷ್ಟು ದಿನ ಕಾಯ್ಲಿಕ್ಕಿಲ್ಲ,” ಅಂದರು ಚೇಟ. ಕಾಯಬೇಕು ಅಂತ ಹೇಳುವ ಅಭಿಮಾನಿಗಳೂ ನಾಲ್ಕು ಮಂದಿ ಬೇಕಲ್ಲ? ಬಯ್ಯುವವರ ದನಿಯೊಂದೇ ಕ್ಲಬ್ಬಿನವರ ಕಿವಿಗೆ ಬಿದ್ದರೆ ಯಾವ ಕೋಚೂ ಮೂರು ಸೋಲು ದಾಟುವುದಿಲ್ಲ.

ಆ ವಾರದ ಶುಕ್ರವಾರ ಕಂಠೀರವಕ್ಕೆ ನಾರ್ತ್‌ಈಸ್ಟ್ ಬರುವುದಿತ್ತು. ಆಗಸ್ಟಿನಲ್ಲಿ ಮೋಹನ್ ಬಾಗಾನ್‌ನಿಂದ ಡ್ಯುರಾಂಡ್ ಕಪ್ ಕಸಿದುಕೊಂಡ ತಂಡ. ಎದುರಾಳಿಯ ಬೆನ್ನ ಹಿಂದಿನ ಬಯಲಿಗೆ ಓಡುವವರು ಅವರಲ್ಲಿದ್ದರು. ಚೇಟನಿಗೆ ಹೇಳಿದೆ: “ಗೋವಾದ ಪೆಟ್ಟಿಗೆ ಹೆದರಿ ಜರಗೋಜಾ ಹಿಂದಿನ ಸಾಲನ್ನು ಕೆಳಗೆ ಎಳೆದುಕೊಂಡರೆ ಒಂದು ಅಂಕ ಸುಲಭವಾಗಿ ಸಿಗಬಹುದು, ಆದರೆ ಮಳೆಗಾಲವಿಡೀ ಕಲಿಸಿದ ಆಟ ಅಲ್ಲಿಗೆ ಮುಗಿಯುತ್ತದೆ. ಅದೇ ಜಾಗದಲ್ಲಿ ನಿಂತು, ಒತ್ತುವ ಹೊತ್ತನ್ನು ಸರಿಪಡಿಸಿಕೊಂಡು ಆಡಿದರೆ, ಆ ಪಂದ್ಯ ಸೋತರೂ ಈ ಕೋಚನ್ನು ಉಳಿಸಿಕೊಳ್ಳಿ ಅಂತ ನಾನು ಹೇಳುತ್ತೇನೆ.”