ರೋಮ್ ಪತನ: ಹಾಲೋ ನೀರೋ ಎಂಬ ಜಿಜ್ಞಾಸೆ

ರೋಮ್ ಸಾಮ್ರಾಜ್ಯ ಏಕೆ ಬಿತ್ತೆಂದು ಗಿಬ್ಬನ್ ಮಹಾಶಯ 1776ರಿಂದ 1788ರವರೆಗೆ ಆರು ಸಂಪುಟ ಬರೆದ. ಆರರಲ್ಲೂ ಅವನ ಮನೆಗೆ ಹಾಲು ಹಾಕುತ್ತಿದ್ದವರು ಯಾರೆಂಬ ಪ್ರಸ್ತಾಪವಿಲ್ಲ. ಆದ್ದರಿಂದ ಆ ಮಹಾಗ್ರಂಥವನ್ನು ಪೂರ್ವಪಕ್ಷವೆಂದು ಗೌರವಿಸಿ ಪಕ್ಕಕ್ಕಿಡುತ್ತೇನೆ.

ನನ್ನ ಸಿದ್ಧಾಂತ ಇಷ್ಟು: ಸಾಮ್ರಾಜ್ಯವೆಂಬುದು ವರ್ತನೆ ಹಾಲಿನ ವ್ಯವಹಾರ. ಮೊದಲ ತಿಂಗಳು ಗಟ್ಟಿ ಹಾಲು; ಆಮೇಲೆ ದಿನಕ್ಕೊಂದು ಲೋಟ ನೀರು. ಇದಕ್ಕೆ ಆಧಾರ, ನಮ್ಮ ಅಡುಗೆಮನೆಯಲ್ಲಿ ಹನ್ನೊಂದು ವರ್ಷ ನಡೆದಿರುವ ಕ್ಷೇತ್ರಕಾರ್ಯ.

ಅಗಸ್ಟಸನ ದಿನಾರಿಯಸ್ ನಾಣ್ಯ ಹೆಚ್ಚುಕಡಿಮೆ ಅಪ್ಪಟ ಬೆಳ್ಳಿ, ಕೆನೆ ಕಟ್ಟುವ ಹಾಲು. ಕ್ರಿ.ಶ. 64ರಲ್ಲಿ ರೋಮ್ ನಗರ ಸುಟ್ಟಿತು. ಕಟ್ಟಲು ದುಡ್ಡು ಬೇಕಲ್ಲ. ಚಕ್ರವರ್ತಿ ಬೆಳ್ಳಿಗೆ ತಾಮ್ರ ಬೆರೆಸಿದ. ಅವನ ಹೆಸರು ನೀರೋ. ‘ಇದು ಹಾಲೋ ನೀರೋ’ ಎಂದು ನನ್ನ ಮನೆಯಾಕೆ ದಿನಾ ಬೆಳಿಗ್ಗೆ ಕೇಳುವ ಪ್ರಶ್ನೆಯ ಐತಿಹಾಸಿಕ ಮೂಲ ಇದೇ ಇರಬೇಕು, ಭಾಷಾಶಾಸ್ತ್ರಜ್ಞರು ಗಮನಿಸಲಿ.

ಸೆಪ್ಟಿಮಿಯಸ್ ಸೆವೆರಸನ ಕಾಲಕ್ಕೆ ಬೆಳ್ಳಿ ಅರ್ಧಕ್ಕಿಳಿಯಿತು. ಅವನ ಮಗ ಕರಕಲ್ಲ ಮೊದಲು ತಮ್ಮನನ್ನು ಮುಗಿಸಿದ, ಆಮೇಲೆ ಅಳತೆಯನ್ನೇ ಬದಲಿಸಿದ. 215ರ ಅವನ ಹೊಸ ನಾಣ್ಯದ ಬೆಲೆ ಎರಡು ದಿನಾರಿಯಸ್, ತೂಕ ಒಂದೂವರೆಯದು. ನಮ್ಮ ಹಾಲಿನವರ ಅರ್ಧ ಲೀಟರ್ ಮಾಪಿನ ತಳ ಒಳಕ್ಕೆ ನೆಗ್ಗಿರುವುದು ಈ ಪರಂಪರೆಯಿಂದಲೇ. 268ರ ಸುಮಾರಿಗೆ, ಗ್ಯಾಲಿಯೆನಸನ ಕೊನೆಗಾಲದಲ್ಲಿ, ಆ ನಾಣ್ಯದಲ್ಲಿ ನೂರಕ್ಕೆ ಐದು ಪಾಲು ಬೆಳ್ಳಿಯೂ ಇರಲಿಲ್ಲ. ಅಪ್ಪ ವಲೇರಿಯನ್ ಪರ್ಷಿಯದಲ್ಲಿ ಸೆರೆಸಿಕ್ಕಿದ್ದ, ಗಡಿಯಲ್ಲಿ ಗೋಥರಿದ್ದರು, ಸಬೂಬಿಗೇನೂ ಬರವಿರಲಿಲ್ಲ. ನಮ್ಮವರದು ಒಂದೇ: ‘ಮಳೆಗಾಲ ಸ್ವಾಮಿ, ಹಸು ಹಸೀ ಹುಲ್ಲು ಮೇಯ್ದಿದೆ.’

ಕಲಬೆರಕೆಯನ್ನು ಬೇಗ ಪತ್ತೆಹಚ್ಚಿದ ಗಿರಾಕಿಗಳು ನಾವೇ ಎಂದು ಸಂಕೋಚದಿಂದ ತಿಳಿಸುತ್ತೇನೆ. ಬೆಂಗಳೂರಿನ ಯಶವಂತಪುರದಲ್ಲಿ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸರ ಕಾಲದ ಬೆಳ್ಳಿ ಸಿಕ್ಕಿದೆ. ನೀರೋ ಬೆರೆಸಿದ ಮೇಲಿನದು ದಕ್ಷಿಣ ಭಾರತದಲ್ಲಿ ಅಪರೂಪ. ಮೆಣಸು ಮಾರುವವನಿಗೆ ಲ್ಯಾಕ್ಟೋಮೀಟರ್ ಬೇಕಿರಲಿಲ್ಲ.

ಡಯೋಕ್ಲೀಶಿಯನ್ 301ರಲ್ಲಿ ಸಾವಿರಕ್ಕೂ ಮಿಕ್ಕ ಸರಕು, ಕೂಲಿಗಳಿಗೆ ಗರಿಷ್ಠ ದರ ಗೊತ್ತುಮಾಡಿ, ಮೀರಿದರೆ ಮರಣದಂಡನೆ ಎಂದ. ಪಟ್ಟಿಯಲ್ಲಿ ಕುರಿ ಹಾಲಿನ ದರವೂ ಇದೆ. ನೀರಿನ ಪ್ರಮಾಣದ ಮಾತಿಲ್ಲ! ಸರಕು ಪೇಟೆಯಿಂದಲೇ ಮಾಯವಾಯಿತು. 305ರಲ್ಲಿ ಆತ ಪಟ್ಟ ಬಿಟ್ಟು ಊರಿಗೆ ಹೋಗಿ ಕೋಸು ಬೆಳೆದ. ಹಸು ಕಟ್ಟಲಿಲ್ಲ, ಬುದ್ಧಿವಂತ.

ಈ ಪ್ರಬಂಧದ ಎರಡನೆಯ ಸಂಪುಟ ಬೈಜಾಂಟಿಯಮ್ ಮತ್ತು ತುಪ್ಪವನ್ನು ಕುರಿತದ್ದು. ಹೋಲಿಕೆಗೆಂದು ಕಾಲು ಕೆ.ಜಿ. ಅಪ್ಪಟ ತುಪ್ಪ ಬೇಕಾಗಿದೆ. ಎಲ್ಲಿ ಸಿಗುತ್ತದೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.