ಕಾಗದದ ಬೇಟೆಗಾರ

ಮಿಶಿಗನ್ನಿನಲ್ಲಿ ಬಿಲ್ಲುಬೇಟೆ ಶುರುವಾಗುವುದು ಅಕ್ಟೋಬರ್ 1ಕ್ಕೆ. ನಮ್ಮ ಸವ್ಯಸಾಚಿಗೆ ಮಾತ್ರ ಅದು ಜುಲೈನಲ್ಲೇ, ಗ್ಯಾರೇಜಿನಲ್ಲೇ ಶುರು. ಡೆಟ್ರಾಯಿಟ್ ಸುತ್ತಮುತ್ತಲ ಬಡಾವಣೆಗಳಲ್ಲಿ ಇಂಥವನೊಬ್ಬ ಸಿಕ್ಕೇ ಸಿಗುತ್ತಾನೆ: ಅರ್ಧ ಎತ್ತಿದ ಗ್ಯಾರೇಜಿನ ಬಾಗಿಲು, ಮಳೆಯಲ್ಲಿ ನೆನೆಯುತ್ತಾ ಹೊರಗೆ ನಿಂತ ಕಾರು, ಹಲ್ಲಿನ ನಡುವೆ ಅಲೆನ್ ಕೀ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯೆಂದರೆ ಜೈಲೆಂದೇ ತಿಳಿದು ಬೆಳೆದ ನಾವು, ಪಕ್ಕದ ಮನೆಯ ಕನ್ನಡಿಗರು, ಹುಲ್ಲುಹಾಸಿನ ಈಚೆ ನಿಂತು ನೋಡುತ್ತೇವೆ.

ಅವನ ತಲೆ ತಿನ್ನುವುದು ಜಿಂಕೆಯಲ್ಲ, ಬಿಲ್ಲಿನ ಮೇಲೆ ಬಾಣ ಕೂರುವ ಜಾಗ. ಮೊದಲು ಅವನ ಕಪ್ಪಿ, ಕೇಬಲ್ಲುಗಳ ಕಾಂಪೌಂಡ್ ಬಿಲ್ಲಿಗೆ ಒರಟು ಕೂದಲಿನ ಬ್ರಷ್ಷಿನ ಬಳೆಯಿತ್ತು. ಬಾಣ ತೂರಿಸಿದರೆ ಮುಗಿಯಿತು, ಓರೆ ಮಾಡಿದರೂ ಬೀಳದು. ಅದರಲ್ಲೇ ಜಿಂಕೆ ಹೊಡೆದು ಫ್ರೀಜರ್ ತುಂಬಿಸಿದ್ದ. ಯಾರೋ ಪುಣ್ಯಾತ್ಮ "ಆ ಕೂದಲು ಗರಿಗೆ ಉಜ್ಜುತ್ತಲ್ಲ?" ಎಂದುಬಿಟ್ಟ. ಅಂದಿನಿಂದ ಅವನ ನಿದ್ದೆ ಹೋಯಿತು, ಬಿಲ್ಲಿಗೆ ಡ್ರಾಪ್-ಅವೇ ರೆಸ್ಟ್ ಬಂತು. ಇದೊಂದು ಪುಟ್ಟ ಕವೆ. ಹೆದೆ ಎಳೆದಾಗ ಎದ್ದು ಬಾಣವನ್ನು ಹೊತ್ತು ನಿಲ್ಲುತ್ತದೆ. ಬಿಟ್ಟಾಗ, ಹಿಂದಿನ ಗರಿಗಳು ಬಂದು ತಲುಪುವಷ್ಟರಲ್ಲಿ ಕೆಳಗೆ ಬಿದ್ದು ದಾರಿ ಬಿಡುತ್ತದೆ.

ಕವೆಯನ್ನು ಏಳಿಸಿ ಬೀಳಿಸುವವರು ಯಾರು ಎಂಬಲ್ಲಿ ಮತಭೇದ. ಒಂದು ಪಂಗಡದವರು ದಾರವನ್ನು ಕೇಬಲ್ಲಿಗೆ ಕಟ್ಟುತ್ತಾರೆ. ಹೆದೆ ಎಳೆದಾಗ ಕೇಬಲ್ ಇಳಿದು ಕವೆಯನ್ನು ಎಬ್ಬಿಸುತ್ತದೆ. ಇನ್ನೊಂದು ಪಂಗಡದವರು ಬಿಲ್ಲಿನ ತೋಳಿಗೇ ಕಟ್ಟುತ್ತಾರೆ. ತೋಳು ಬಾಗಿದಾಗ ದಾರ ಸಡಿಲವಾಗಿ ಸ್ಪ್ರಿಂಗ್ ಕವೆಯನ್ನು ಏಳಿಸುತ್ತದೆ, ಬಾಣ ಬಿಟ್ಟಾಗ ತೋಳು ಅದನ್ನು ಕೆಳಕ್ಕೆ ಎಳೆಯುತ್ತದೆ. ಇವರಿಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವವರಲ್ಲ. ನಮ್ಮವನು ಬೇಸಿಗೆಗೊಮ್ಮೆ ಮತಾಂತರಗೊಳ್ಳುತ್ತಾನೆ.

ಜೋಡಿಸಿದ ಮೇಲೆ ಶುರುವಾಗುತ್ತದೆ ನಿಜವಾದ ತಪಸ್ಸು. ಬಿಲ್ಲಿನ ಹಿಡಿಯ ಪಕ್ಕದಿಂದ ಬಾಣದ ನಡುವಿಗೆ 13/16 ಇಂಚು, ಬಹಳಷ್ಟು ಬಿಲ್ಲುಗಳಿಗೆ ಅದೇ ಶ್ರೀಕಾರ. ಆಮೇಲೆ ಚೌಕಟ್ಟಿಗೆ ಕಾಗದ ಬಿಗಿದು, ಆರಡಿ ದೂರದಿಂದ ಅದರ ಮೂಲಕ ಬಾಣ ಬಿಡುವುದು. ಬಾಣ ನೆಟ್ಟಗೆ ಹಾರಿದರೆ ಒಂದು ದುಂಡು ತೂತು, ಸುತ್ತ ಗರಿಗಳ ಮೂರು ಸೀಳು. ಬಾಲ ಮೇಲಕ್ಕೆ ಹರಿದರೆ ರೆಸ್ಟ್ ಒಂದು ಕೂದಲೆಳೆ ಏರಬೇಕು. ಎಡಕ್ಕೆ ಹರಿದರೆ ಯಾವ ಕಡೆ ಸರಿಸಬೇಕೆಂಬುದಕ್ಕೆ ಅಂಗಡಿಗೊಂದು ಸಿದ್ಧಾಂತ. ಹಿಡಿಯನ್ನು ಹಿಸುಕಿ ಹಿಡಿದರೂ ಕಾಗದ ಹಾಗೇ ಹರಿಯುತ್ತದೆ ಎಂದು ಅಂಗಡಿಯ ಮುದುಕ ಮೆಲ್ಲಗೆ ಹೇಳಿದ್ದುಂಟು. ಇವನು ಕೇಳಿಸಿಕೊಳ್ಳಲಿಲ್ಲ. ರೆಸ್ಟಿಗೆ ಸ್ಕ್ರೂ ಇದೆ, ಕೈಗೆ ಎಲ್ಲಿದೆ?

ಗರಿ ಕವೆಗೆ ತಗಲುತ್ತಿದೆಯೇ ಎಂದು ಪತ್ತೆ ಹಚ್ಚಲು ಪಾದಕ್ಕೆ ಹೊಡೆಯುವ ಪೌಡರ್ ಸ್ಪ್ರೇಯೇ ಮದ್ದು. ಗರಿಗೆ ಬೆಳ್ಳಗೆ ಬಳಿದು ಬಾಣ ಬಿಟ್ಟರೆ, ತಗಲಿದ ಕಡೆ ಪೌಡರ್ ಒರೆಸಿಹೋಗಿರುತ್ತದೆ. ಡಬ್ಬಿಗಟ್ಟಲೆ ಹೀಗೆ ಖರ್ಚಾಗಿ, ಅವನ ಬೂಟು ಮಾತ್ರ ಎರಡು ಮನೆಯಾಚೆಗೂ ನಾರುತ್ತದೆ. ಜಿಂಕೆಗೆ ಮನುಷ್ಯನ ವಾಸನೆ ಹತ್ತಬಾರದೆಂದು ಬಟ್ಟೆಯನ್ನು ವಾಸನೆಯಿಲ್ಲದ ಸೋಪಿನಲ್ಲಿ ಒಗೆಯುವವನೂ ಇವನೇ.

ಇದೇ ಮಿಶಿಗನ್ನಿನ ಗ್ರೇಲಿಂಗಿನಲ್ಲಿ ಬಿಲ್ಲಿನ ಕಾರ್ಖಾನೆ ನಡೆಸಿದ ಫ್ರೆಡ್ ಬೇರ್ ಕಪ್ಪಿಗಳಿಲ್ಲದ ರಿಕರ್ವ್ ಬಿಲ್ಲಿನಲ್ಲಿ ಕರಡಿ ಹೊಡೆದವನು. ಆ ಹೆಸರೆತ್ತಿದರೆ ಸವ್ಯಸಾಚಿ ಭಕ್ತಿಯಿಂದ ಟೋಪಿ ತೆಗೆಯುತ್ತಾನೆ, ಮತ್ತೆ ಸ್ಕ್ರೂಗೆ ಬಗ್ಗುತ್ತಾನೆ.

ಅಕ್ಟೋಬರ್ ಬಂದರೆ ಇನ್ನೊಂದು ಫಜೀತಿ. ಅಭ್ಯಾಸದ ಮೊನೆ ತೆಗೆದು ಬೇಟೆಯ ಅಲಗು ಹಾಕಿದರೆ ಬಾಣ ಬೇರೆ ಕಡೆ ನಾಟುತ್ತದೆ. ಮತ್ತೆ ಅಲೆನ್ ಕೀ. ಕವೆ ಏಳುವಾಗ 'ಟಿಕ್' ಅಂದಿತೆಂದು ಅದಕ್ಕೆ ಉಣ್ಣೆಬಟ್ಟೆಯ ಚೂರು ಅಂಟಿಸಿದ. ಅಂಟಿಸಿದ ದಪ್ಪಕ್ಕೆ ಎತ್ತರ ತಪ್ಪಿತು. ಮತ್ತೆ ಕಾಗದ. ಅಷ್ಟರಲ್ಲಿ ಹಿತ್ತಲಲ್ಲಿ ಮೂರು ಜಿಂಕೆ ಅವನ ಹೆಂಡತಿಯ ಹೋಸ್ಟಾ ಗಿಡಗಳನ್ನು ಬುಡಸಮೇತ ಮೇಯುತ್ತಿದ್ದವು. ಅವಳು ಕಿಟಕಿಯಿಂದ ಕೂಗಿದಳು, "ಬಂದಿವೆ, ಬೇಗ ಬಾ!" ಗ್ಯಾರೇಜಿನಿಂದ ಉತ್ತರ ಬಂತು: "ಕಾಗದ ಅಲ್ಲಾಡುತ್ತೆ, ಕೂಗಬೇಡ!"

ನವೆಂಬರ್ 15ರಿಂದ ಬಂದೂಕಿನವರ ಸರದಿ. ಕಿತ್ತಳೆ ಜಾಕೆಟ್ಟಿನವರು ಜಿಂಕೆ ಹೇರಿದ ಪಿಕಪ್ಪುಗಳಲ್ಲಿ ಬೀದಿಯಲ್ಲಿ ಹಾದುಹೋಗುತ್ತಿದ್ದರು. ಗ್ಯಾರೇಜಿಗೆ ಹೋಗಿ ಕೇಳಿದೆ, "ಈ ವರ್ಷ ಏನಾದರೂ ಸಿಕ್ಕಿತಾ?"

"ಸಿಕ್ಕಿತು!" ಎಂದು ಒಳಗೋಡಿ, ಗಾಜು ಹಾಕಿಸಿದ ಚೌಕಟ್ಟೊಂದನ್ನು ತಂದ. ಒಳಗೆ ಒಂದು ಹಾಳೆ, ನಡುವೆ ದುಂಡು ತೂತು, ಮೂರು ಸೀಳು.

"ಅಲುಗಾಡಿಸಬೇಡ," ಅಂದ.