ಅರವತ್ತೊಂದಕ್ಕೆ ಅಕ್ಷರಾಭ್ಯಾಸ

ಹೋದ ತಿಂಗಳು ಗ್ಯಾಸ್ ತಂದ ಹುಡುಗ ತುಂಬಿದ ಸಿಲಿಂಡರನ್ನು ಧಡ್ ಎಂದು ಇಳಿಸಿ, "ಡೇಟ್ ನೋಡ್ಕೊಳ್ಳಿ ಸಾರ್" ಅಂದ. ನಾನು ಗೋಡೆಯ ಕ್ಯಾಲೆಂಡರ್ ನೋಡಿ, "ಹನ್ನೆರಡು, ಶುಕ್ರವಾರ" ಅಂದೆ. ಪಾಪ, ಅವನು ನಗಲಿಲ್ಲ. ನಕ್ಕಿದ್ದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ.

ವಿಷಯ ಇಷ್ಟೇ. ಸಿಲಿಂಡರಿನ ನೆತ್ತಿಯ ಮೇಲೆ ಕೈಯಲ್ಲಿ ಹಿಡಿಯುವ ಬಳೆ ಇದೆಯಲ್ಲ, ಅದನ್ನು ಹೊತ್ತು ನಿಂತ ಮೂರು ಪಟ್ಟಿಗಳಲ್ಲಿ ಒಂದರ ಒಳಮೈಗೆ ‘ಸಿ-27’ ಅಂತಲೋ ‘ಎ-28’ ಅಂತಲೋ ಬಣ್ಣದಲ್ಲಿ ಬರೆದಿರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಜೂನ್‌ವರೆಗೆ, ಸಿ ಸೆಪ್ಟೆಂಬರ್‌ವರೆಗೆ, ಡಿ ವರ್ಷದ ಕೊನೆಯವರೆಗೆ. ಪಕ್ಕದ್ದು ಇಸವಿ. ಸಿ-27 ಇದ್ದರೆ 2027ರ ಸೆಪ್ಟೆಂಬರ್ ಮುಗಿಯುವುದರೊಳಗೆ ಆ ಸಿಲಿಂಡರ್ ಮತ್ತೊಮ್ಮೆ ಪರೀಕ್ಷೆಗೆ ಹೋಗಬೇಕು. ಗ್ಯಾಸ್ ಕೆಡುತ್ತದೆ ಅಂತಲ್ಲ, ಅದೇನು ದೋಸೆ ಹಿಟ್ಟೇ ಹುಳಿ ಬರಲಿಕ್ಕೆ? ಉಕ್ಕಿನ ಮೈ ಇನ್ನೂ ಗಟ್ಟಿಯಾಗಿದೆಯೇ ಎಂದು ನೋಡುವ ಗಡುವು ಅದು.

ನಾನು ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಸಣ್ಣಕ್ಷರ ಓದಿಯೇ ಸಂಬಳ ಎಣಿಸಿದವನು. ಸಾಲದ ಕಾಗದದಲ್ಲಿ ಒಂದು ಅಲ್ಪವಿರಾಮ ಆಚೀಚೆಯಾದರೆ ವಾಪಸ್ ಕಳಿಸುತ್ತಿದ್ದೆ. ಆದರೆ ನಮ್ಮನೆ ಒಲೆಯ ಪಕ್ಕದಲ್ಲೇ ಕೂತ ಈ ಬರಹವನ್ನು ಓದಿರಲಿಲ್ಲ. ಇನ್ನೂ ಒಂದು ಹೇಳಿಬಿಡುತ್ತೇನೆ, ಮಾನ ಹೇಗೂ ಹೋಗಿದೆ. ಅಲ್ಲೇ ಪಕ್ಕದಲ್ಲಿ 15.4 ಎಂದು ಬರೆದಿದ್ದುದು ಕಣ್ಣಿಗೆ ಬಿದ್ದಿತ್ತು. ಗ್ಯಾಸ್ 14.2 ಕಿಲೋ ಅಂತ ಗೊತ್ತಿತ್ತು. ಹಾಗಾದರೆ ಕಂಪನಿಯವರು ಒಂದು ಕಿಲೋ ಕೊಸರು ಹಾಕಿದ್ದಾರೆ, ಒಳ್ಳೆಯ ಜನ ಅಂದುಕೊಂಡಿದ್ದೆ. ಅದು ಖಾಲಿ ಸಿಲಿಂಡರಿನ ತೂಕವಂತೆ!

"ನನಗೆ ಹತ್ತು ವರ್ಷದಿಂದ ಗೊತ್ತು" ಅಂದಳು ಹೆಂಡತಿ.

"ಮತ್ತೆ ಹೇಳಲಿಲ್ಲ ಯಾಕೆ?"

"ನೀವು ಕೇಳಲಿಲ್ಲವಲ್ರೀ."

ಅಲ್ಲಿಂದ ನನ್ನ ಅಕ್ಷರಾಭ್ಯಾಸ ಶುರುವಾಯಿತು. ಅಳಿಯನ ಕಾರು ತಗೊಂಡು ಪೆಟ್ರೋಲ್ ಬಂಕಿಗೆ ಹೋದಾಗ ಟ್ಯಾಂಕು ಯಾವ ಕಡೆ ಎಂದು ಇಳಿದು ಪ್ರದಕ್ಷಿಣೆ ಹಾಕಿದೆ. ಪಂಪಿನ ಹುಡುಗಿ ಒಳಗೆ ಬೆರಳು ತೋರಿಸಿದಳು. ಪೆಟ್ರೋಲ್ ಮುಳ್ಳಿನ ಹತ್ತಿರದ ಪಂಪಿನ ಚಿತ್ರದ ಪಕ್ಕ ಎಳ್ಳಿನಷ್ಟು ಒಂದು ತ್ರಿಕೋನ. ಅದು ಯಾವ ಕಡೆಗೆ ಮೂತಿ ಮಾಡಿದೆಯೋ ಟ್ಯಾಂಕು ಆ ಕಡೆ. ಈಚಿನ ಹೆಚ್ಚಿನ ಕಾರುಗಳಲ್ಲಿ ಇದೆ. ರಸ್ತೆ ಬದಿಯ ಮೈಲಿಗಲ್ಲಿಗೆ ಹಳದಿ ತಲೆ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಕಂಟ್ರಾಕ್ಟರ್ ಹತ್ತಿರ ಉಳಿದ ಬಣ್ಣ ಬಳಿಯುತ್ತಾರೆ ಅಂತ ನಾನು ತಿಳಿದಿದ್ದೆ. ಬೀಗದ ಬುಡದಲ್ಲಿ, ಕೀಲಿ ಹಾಕುವ ಕಂಡಿಯ ಪಕ್ಕದ ಪುಟ್ಟ ತೂತು ಮಳೆನೀರು ಇಳಿದುಹೋಗಲು, ಬಿಗಿಯಾದರೆ ಎಣ್ಣೆ ಬಿಡಲು. ಹಳಿಯ ಪಕ್ಕ ಹಳದಿ ಹಲಗೆಯ ಮೇಲಿನ ‘ಡಬ್ಲ್ಯು/ಎಲ್’ ಮುಂದೆ ಲೆವೆಲ್ ಕ್ರಾಸಿಂಗ್ ಇದೆ, ಸೀಟಿ ಊದಪ್ಪಾ ಎಂದು ರೈಲಿನ ಚಾಲಕನಿಗೆ ಹೇಳಿದ್ದು. ಪ್ರತಿಸಲವೂ ವೇಟಿಂಗ್ ಲಿಸ್ಟಿನಲ್ಲೇ ಸಿಕ್ಕಿಬೀಳುವ ನಾನು ಅದನ್ನು ಏನೆಂದು ಓದಿಕೊಂಡಿದ್ದೆ ಎಂದು ಬಿಡಿಸಿ ಹೇಳಬೇಕೆ?

ತಡವಾಗಿ ತಿಳಿದವನಿಗೆ ಒಂದು ಚಟ ಅಂಟುತ್ತದೆ. ಹುಟ್ಟುವಾಗಲೇ ಗೊತ್ತಿದ್ದವನ ಹಾಗೆ ಊರಿಗೆಲ್ಲ ಹೇಳುವುದು. ಟೂತ್‌ಪೇಸ್ಟ್ ಟ್ಯೂಬಿನ ತುದಿಯಲ್ಲಿ ಹಸಿರು ಪಟ್ಟಿ ಇದ್ದರೆ ಗಿಡಮೂಲಿಕೆ, ಕಪ್ಪಿದ್ದರೆ ಬರೀ ಕೆಮಿಕಲ್ ಎಂದು ಹಳೆಯ ಸಹೋದ್ಯೋಗಿಯೊಬ್ಬರು ಈ ಸಿಲಿಂಡರ್ ಪಾಠಕ್ಕೂ ಎಷ್ಟೋ ಮೊದಲೇ ಮೊಬೈಲಿಗೆ ಕಳಿಸಿದ್ದರು. ಎರಡು ವರ್ಷ ಅಂಗಡಿಯಲ್ಲಿ ಟ್ಯೂಬುಗಳ ಬುಡ ಎತ್ತಿ ನೋಡಿದೆ. ಕೆಳಗಿನ ಮನೆಯವರ ಕೈಯಲ್ಲಿ ಕಪ್ಪು ಪಟ್ಟಿಯ ಟ್ಯೂಬ್ ಕಂಡು ಅರ್ಧ ಗಂಟೆ ಉಪನ್ಯಾಸ ಕೊಟ್ಟು, ಅದನ್ನು ಕಸಕ್ಕೆ ಹಾಕಿಸಿಯೇ ಮೇಲೆ ಬಂದೆ. ಆಮೇಲೆ ತಿಳಿಯಿತು. ಅದು ಕಾರ್ಖಾನೆಯ ಯಂತ್ರಕ್ಕೆ ಇಟ್ಟ ಗುರುತು. ಟ್ಯೂಬನ್ನು ಎಲ್ಲಿ ಕತ್ತರಿಸಬೇಕು, ಯಾವ ಬದಿಗೆ ತಿರುಗಿಸಿ ಮುಚ್ಚಬೇಕು ಎಂದು ಅದರ ಬೆಳಕಿನ ಕಣ್ಣು ಆ ಪಟ್ಟಿ ನೋಡಿ ತಿಳಿಯುತ್ತದೆ. ಟ್ಯೂಬಿನ ಬಣ್ಣದ ಮೇಲೆ ಎದ್ದು ಕಂಡರೆ ಸಾಕು, ಒಳಗಿನ ಪೇಸ್ಟಿಗೂ ಅದಕ್ಕೂ ಸಂಬಂಧವಿಲ್ಲ. ಯಂತ್ರಕ್ಕೆ ಬರೆದ ಕಾಗದ ಒಡೆದು ಓದಿ, ಅರ್ಥವನ್ನೂ ತಪ್ಪು ಮಾಡಿಕೊಂಡಿದ್ದೆ.

ಕೆಳಗಿನ ಮನೆಯವರು ಇವತ್ತಿಗೂ ಹಸಿರು ಪಟ್ಟಿಯನ್ನೇ ಹುಡುಕುತ್ತಾರೆ. ಹೋಗಿ ಹೇಳಬೇಕು. ಮೆಟ್ಟಿಲವರೆಗೆ ಹೋಗುತ್ತೇನೆ, ಬಾಯಿ ಬರುವುದಿಲ್ಲ.

ನೀವು ಮಾತ್ರ ಸಿಲಿಂಡರ್ ತಂದವರ ಎದುರೇ ಬಗ್ಗಿ ನೋಡಿ. ಗಡುವು ದಾಟಿದ್ದರೆ ಇಳಿಸಿಕೊಳ್ಳಬೇಡಿ, ಬೇರೆ ಕೊಡಪ್ಪಾ ಅನ್ನಿ. ಇದೆಲ್ಲ ಮೊದಲೇ ಗೊತ್ತಿತ್ತು ಅನ್ನುವವರು ನಮ್ಮನೆಗೆ ಧಾರಾಳವಾಗಿ ಬನ್ನಿ, ಕಾಫಿ ಕುಡಿಯೋಣ. ನನ್ನ ಹೆಂಡತಿಯ ಎದುರು ಮಾತ್ರ ಆ ಮಾತು ಎತ್ತಬೇಡಿ.